ಬಾಗುವುದಕ್ಕೂ ಸೋಲುವುದಕ್ಕೂ ನಡುವಿನ ಗೆರೆ ಎಲ್ಲಿದೆ?

ಪ್ರಶ್ನೆ
ಬರೆದವರು: ಮಾವಿನತೋಪು, ಶ್ರೀನಿವಾಸಪುರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನನಗೆ ಈಗ 41 ವರ್ಷ. ನಮ್ಮದು ಐದು ಎಕರೆ ಕೆಂಪುಮಣ್ಣಿನ ಜಮೀನು. ಒಂದೂವರೆ ಎಕರೆಯಲ್ಲಿ ತಾತನವರು ನೆಟ್ಟ ಮಾವಿನ ತೋಪಿದೆ, ಉಳಿದದ್ದರಲ್ಲಿ ಹನ್ನೆರಡು ವರ್ಷಗಳಿಂದ ಟೊಮೆಟೊ ಬೆಳೆಯುತ್ತಾ ಬಂದಿದ್ದೇವೆ. ಈ ಫೆಬ್ರವರಿಯಲ್ಲಿ ನಮ್ಮ ಮೂರನೆಯ ಕೊಳವೆಬಾವಿಯೂ ಬತ್ತಿತು. ಮೊದಲನೆಯದನ್ನು 600 ಅಡಿಗೆ ಕೊರೆಸಿದ್ದೆವು, ಎರಡನೆಯದನ್ನು 900 ಅಡಿಗೆ, ಮೂರನೆಯದನ್ನು 1,250 ಅಡಿಗೆ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿದಾಗ ನಮ್ಮ ಗಿಡಗಳಿಗೆ ಎಲೆ ಮುಟುರು ನಂಜುರೋಗ ತಗುಲಿ, ಮಾರುವುದಕ್ಕೆ ಕಾಯಿಯೇ ಇರಲಿಲ್ಲ. ಆ ಬೆಲೆಯ ಆಸೆಗೆ ಮತ್ತೆ ನಾಟಿ ಮಾಡಿದ ಬೆಳೆ ಕೊಯ್ಲಿಗೆ ಬರುವಷ್ಟರಲ್ಲಿ ಮಾರುಕಟ್ಟೆ ಬಿದ್ದು, ಬಿಡಿಸುವ ಕೂಲಿಯೂ ಹುಟ್ಟಲಿಲ್ಲ. ಸಹಕಾರ ಸಂಘದ ಸಾಲ ಒಂದು ಕಡೆ, ಕೈಸಾಲ ಇನ್ನೊಂದು ಕಡೆ. ಕೈಸಾಲದ ಪೂರ್ತಿ ಲೆಕ್ಕವನ್ನು ನಾನು ಮನೆಯಲ್ಲಿ ಇನ್ನೂ ಹೇಳಿಲ್ಲ.

ನನ್ನ ತಂದೆಯವರಿಗೆ 73 ವರ್ಷ. ನಾಲ್ಕನೆಯ ಕೊಳವೆಬಾವಿ ಕೊರೆಸಲೇಬೇಕೆಂಬುದು ಅವರ ಹಟ. ಅದು ಬರಿಯ ಹಟವೆಂದೂ ಹೇಳಲಾರೆ. 2018ರಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಹರಿದುಬಂದ ಮೇಲೆ, ಕೆರೆ ತುಂಬಿದ ಕಡೆಗಳಲ್ಲಿ ಬತ್ತಿಹೋಗಿದ್ದ ಬಾವಿಗಳಿಗೆ ಮತ್ತೆ ನೀರು ಬಂದುದನ್ನು ಅವರು ನೆಂಟರ ಊರಿನಲ್ಲಿ ಕಣ್ಣಾರೆ ಕಂಡು ಬಂದಿದ್ದಾರೆ. ನಮ್ಮ ಮೋಟಾರು ಸುಟ್ಟುಹೋದೀತೆಂದು ನಾನು ಫ್ಯೂಸು ತೆಗೆದಿಟ್ಟಿದ್ದೇನೆ, ಅದು ಅವರಿಗೂ ಗೊತ್ತು. ಆದರೂ ದಿನಾ ಬೆಳಗಿನ ಹೊತ್ತು ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲು ತೆಗೆದು, ಹಸಿರು ಗುಂಡಿಯನ್ನು ಒತ್ತಿ, ಪೈಪಿನ ಬಾಯಿಗೆ ಅಂಗೈ ಹಿಡಿದು ಒಂದು ಗಳಿಗೆ ನಿಂತು, ಬಾಗಿಲು ಮುಚ್ಚಿ ಮನೆಗೆ ಬರುತ್ತಾರೆ.

ನನ್ನ ಭಾವಮೈದ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿದ್ದಾನೆ. ಅಲ್ಲಿನ ಒಂದು ಉಗ್ರಾಣದಲ್ಲಿ ಕೆಲಸ ಕೊಡಿಸುತ್ತೇನೆಂದು ಕರೆಯುತ್ತಿದ್ದಾನೆ. ಹೋಗಿಬರಲು ಬಸ್ಸಿನ ವ್ಯವಸ್ಥೆಯೂ ಇದೆ. ನನ್ನ ಹೆಂಡತಿ ಹೋಗಿ ಎನ್ನುತ್ತಾಳೆ. ಊರಿನವರು ‘ಕಾಲಕ್ಕೆ ತಕ್ಕ ಕೋಲ’ ಎಂದು ಬೆನ್ನು ತಟ್ಟುತ್ತಾರೆ. ಸುರುಳಿ ಸುತ್ತಿ ಗೋಡೆಗೆ ನೇತುಹಾಕಿದ ಹನಿ ನೀರಾವರಿ ಪೈಪುಗಳನ್ನು ನೋಡಿದಾಗ ಮಾತ್ರ, ನಾನು ಮಾಡಹೊರಟಿರುವುದು ಸೋಲಿಗೆ ಒಂದು ಒಳ್ಳೆಯ ಹೆಸರಿಡುವ ಕೆಲಸವೇನೋ ಎಂದು ಸಂಕಟವಾಗುತ್ತದೆ. ಕಷ್ಟ ಬಂದಾಗ ಬಾಗಬೇಕು ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ಬಾಗಬೇಕು, ಯಾವಾಗ ಬಾಗಬೇಕು, ಯಾವುದನ್ನು ಮಾತ್ರ ಬಾಗಿಸಬಾರದು ಎಂಬುದನ್ನು ಯಾರೂ ಹೇಳುವುದಿಲ್ಲ. ಇಂಥದನ್ನು ಬದುಕಿ ಕಂಡವರು ದಯವಿಟ್ಟು ಬರೆಯಿರಿ.

ಉತ್ತರ 1
ಬರೆದವರು: ಅಕ್ಕಡಿಸಾಲು, ಮುಳಬಾಗಿಲು ತಾಲ್ಲೂಕು

ತಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನು ಐವತ್ತು ವರ್ಷ ರಾಗಿ ಬಿತ್ತಿದವನು, ನನಗೆ ತಿಳಿದಿರುವುದು ಹೊಲದ ಮಾತು ಮಾತ್ರ. ನಿಮ್ಮ ‘ಯಾವಾಗ’ ಎಂಬ ಪ್ರಶ್ನೆಗೆ ಅಲ್ಲಿ ಒಂದು ಉತ್ತರವಿದೆ ಎಂದು ನನ್ನ ನಂಬಿಕೆ.

ರಾಗಿ ಬಿತ್ತಿದ ಮೂರು ನಾಲ್ಕು ವಾರಕ್ಕೆ, ಪೈರು ಗೇಣುದ್ದ ಇರುವಾಗ, ನಾವು ಎತ್ತು ಹೂಡಿ ಕುಂಟೆ ಹೊಡೆಯುತ್ತೇವೆ. ಕಂಡರಿಯದವರು ನೋಡಿದರೆ ಹೊಲವನ್ನೇ ಹಾಳು ಮಾಡುತ್ತಿದ್ದಾರೆಂದು ತಿಳಿಯಬೇಕು: ಕೆಲವು ಪೈರು ಕಳೆಯೊಂದಿಗೆ ಕಿತ್ತುಹೋಗುತ್ತದೆ, ಕೆಲವು ಎತ್ತಿನ ಗೊರಸಿಗೆ ಸಿಕ್ಕಿ ನೆಲಕ್ಕೆ ಒರಗುತ್ತದೆ, ಎರಡು ದಿನ ಹೊಲವೆಲ್ಲ ಬಾಡಿದ ಮುಖ ಹಾಕಿಕೊಂಡಿರುತ್ತದೆ. ಹುಡುಗನಾಗಿದ್ದಾಗ ನಾನು ಇದನ್ನು ಕಂಡು ಬದುವಿನ ಮೇಲೆ ಕುಳಿತು ಅತ್ತದ್ದುಂಟು. ಒಂದು ಹದ ಮಳೆಯಾಗಿ ವಾರ ಕಳೆದ ಮೇಲೆ ನನ್ನ ತಂದೆ ನನ್ನನ್ನು ಕರೆದುಕೊಂಡು ಹೋಗಿ, ಒರಗಿದ್ದ ಒಂದು ಪೈರಿನ ಬುಡದ ಮಣ್ಣನ್ನು ಬೆರಳಿನಿಂದ ಸರಿಸಿ ತೋರಿಸಿದರು. ಒಂದಿದ್ದ ಕಡ್ಡಿಯ ಪಕ್ಕದಲ್ಲಿ ನಾಲ್ಕು ತೆಂಡೆ ಒಡೆದಿದ್ದವು. ಅದೇ ಕುಂಟೆಯನ್ನು ಕಡ್ಡಿ ಬಲಿತು ಗೆಣ್ಣು ಬಿಟ್ಟು ತೆನೆ ಹೊರಡುವ ಹೊತ್ತಿಗೆ ಹೊಡೆದರೆ ಪೈರು ಬಾಗುವುದಿಲ್ಲ, ಮುರಿಯುತ್ತದೆ, ಮತ್ತೆ ತೆಂಡೆ ಒಡೆಯುವುದೂ ಇಲ್ಲ. ಮಳೆಯ ವಿಷಯವೂ ಹೀಗೆಯೇ. ಎಳೆಯ ಪೈರಿಗೆ ಮಳೆ ತಪ್ಪಿದರೆ ರಾಗಿಯ ಎಲೆ ಸುರುಳಿ ಸುತ್ತಿಕೊಂಡು ಕಾಯುತ್ತದೆ, ಒಂದು ಮಳೆ ಬಿದ್ದರೆ ಬಿಚ್ಚಿಕೊಳ್ಳುತ್ತದೆ. ತೆನೆ ಹೊರಡುವಾಗ ತಪ್ಪಿದರೆ ಜೊಳ್ಳೇ ಗತಿ. ಆದ್ದರಿಂದ ಬಾಗುವುದಕ್ಕೂ ಒಂದು ವಯಸ್ಸಿದೆ. ಮೂರನೆಯ ಬಾವಿ ಬತ್ತಿದ ಮೇಲೆ, ನಾಲ್ಕನೆಯದಕ್ಕೆ ಸಾಲ ಮಾಡುವ ಮೊದಲು ನೀವು ನಿಂತು ಯೋಚಿಸುತ್ತಿದ್ದೀರಿ. ಇದು ಇನ್ನೂ ಎಳೆಯ ಪೈರಿನ ಹೊತ್ತು. ನಾಲ್ಕನೆಯದೂ ಬತ್ತಿದ ಮೇಲೆ ಇದೇ ಪ್ರಶ್ನೆ ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ.

ಇನ್ನೊಂದು ಮಾತು. ನಮ್ಮಲ್ಲಿ ಹಿಂದೆ ರಾಗಿಯನ್ನು ಒಂದೇ ಬೆಳೆಯಾಗಿ ಬಿತ್ತುತ್ತಿರಲಿಲ್ಲ. ಬಿತ್ತುವ ಕೂರಿಗೆಯ ಹಿಂದೆ ಸಡ್ಡೆ, ಅಂದರೆ ಬೀಜ ಬಿಡುವ ಬಿದಿರಿನ ಕೊಳವೆ, ಹಿಡಿದು, ಎಂಟು ಹತ್ತು ಸಾಲು ರಾಗಿಗೆ ಒಂದರಂತೆ ಅಕ್ಕಡಿ ಸಾಲು ಬಿಡುತ್ತಿದ್ದೆವು. ಅವರೆ, ತೊಗರಿ, ಹುಚ್ಚೆಳ್ಳು, ಹೊಲದ ಅಂಚಿಗೆ ಹರಳು. ರಾಗಿ ಕೈಕೊಟ್ಟ ವರ್ಷ ತೊಗರಿಯ ಬೇರು ಆಳದ ತೇವ ಹಿಡಿದು ನಿಲ್ಲುತ್ತಿತ್ತು, ರಾಗಿ ಕೊಯ್ದ ಮೇಲೆ ಅವರೆ ಮಾರ್ಗಶಿರದ ಇಬ್ಬನಿಯಲ್ಲೇ ಕಾಯಿ ಕಟ್ಟುತ್ತಿತ್ತು. ಬೀಜದಲ್ಲಿಯೂ ಹೀಗೆಯೇ ಲೆಕ್ಕವಿದೆ: ಮುಂಗಾರು ಹೊತ್ತಿಗೆ ಸರಿಯಾಗಿ ಬಂದರೆ ನಾಲ್ಕು ತಿಂಗಳ ಎಂಆರ್-6, ಸ್ವಲ್ಪ ತಡವಾದರೆ ಜಿಪಿಯು-28, ಇನ್ನೂ ತಡವಾದರೆ ಸುಮಾರು ನೂರು ದಿನಕ್ಕೆ ಬರುವ ಜಿಪಿಯು-48, ಅದೂ ಮೀರಿದರೆ ಹುರುಳಿ. ಆಗಸ ನೋಡಿ ಬೀಜ ಬದಲಿಸುವವನನ್ನು ಯಾರೂ ಸೋತವನೆಂದು ಕರೆಯಲಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಅಕ್ಕಡಿ ಸಾಲನ್ನು ಬರ ಬಂದ ಮೇಲೆ ಬಿತ್ತಲಾಗುವುದಿಲ್ಲ. ರಾಗಿ ಬಿತ್ತಿದ ದಿನವೇ ಬಿತ್ತಿರಬೇಕು. ನಿಮ್ಮ ಹೊಲದಲ್ಲಿ ಹನ್ನೆರಡು ವರ್ಷ ಟೊಮೆಟೊ ಒಂದೇ ಇತ್ತು, ಅದಕ್ಕೆ ಬಾವಿ ಒಂದೇ ಆಧಾರವಾಗಿತ್ತು. ಬಾಗಲು ನಿಮಗೆ ಮನಸ್ಸಿಲ್ಲವೆಂದಲ್ಲ, ಬಾಗಲು ಇನ್ನೊಂದು ದಿಕ್ಕನ್ನೇ ನೀವು ಇಟ್ಟುಕೊಂಡಿರಲಿಲ್ಲ. ಇದನ್ನು ದೂರಾಗಿ ಹೇಳುತ್ತಿಲ್ಲ, ನಾನೂ ನಡುವೆ ಎಂಟು ವರ್ಷ ಇದೇ ತಪ್ಪು ಮಾಡಿದ್ದೇನೆ. ನರಸಾಪುರದ ಕೆಲಸವನ್ನು ಹೊಲ ಬಿಡುವ ದಾರಿ ಎಂದುಕೊಳ್ಳಬೇಡಿ, ತಡವಾಗಿ ಬಿತ್ತಿದ ಅಕ್ಕಡಿ ಸಾಲೆಂದುಕೊಳ್ಳಿ. ಜಮೀನು ಮಾತ್ರ ಮಾರಬೇಡಿ.

ಉತ್ತರ 2
ಬರೆದವರು: ಚಂದ್ರಿಕೆ, ಶಿಡ್ಲಘಟ್ಟ ತಾಲ್ಲೂಕು

ಅಣ್ಣ, ಮೇಲೆ ಬರೆದ ಹಿರಿಯರ ಅನುಭವಕ್ಕೆ ಕೈ ಮುಗಿಯುತ್ತೇನೆ. ಆದರೆ ಪೈರಿನ ಹೋಲಿಕೆಯಲ್ಲಿ ಒಂದು ಮಾತು ಬಿಟ್ಟುಹೋಗಿದೆ, ಅದನ್ನು ಹೇಳದೆ ಇರಲಾರೆ. ಮನೆ ಎನ್ನುವುದು ಒಂದು ಪೈರಲ್ಲ. ಅದರಲ್ಲಿ ನಾಲ್ಕೈದು ಜನ ಇರುತ್ತಾರೆ, ಕುಂಟೆ ಎಲ್ಲರ ಮೇಲೂ ಒಂದೇ ಸಮನಾಗಿ ಹಾಯುವುದಿಲ್ಲ.

ನಮ್ಮದು ರೇಷ್ಮೆ ಮನೆ. ನೀರು ಕಡಿಮೆಯಾದಾಗ ಒತ್ತಾಗಿ ನೆಟ್ಟಿದ್ದ ಹಿಪ್ಪುನೇರಳೆಯನ್ನು ಕಿತ್ತು, ಎಂಟು ಹತ್ತು ಅಡಿಗೊಂದು ಗಿಡದಂತೆ ಮರಪದ್ಧತಿಗೆ ತಿರುಗಿದೆವು. ಗಿಡ ಮರವಾಗಿ ಬೇರು ಆಳಕ್ಕೆ ಇಳಿದರೆ ಕಡಿಮೆ ನೀರಿನಲ್ಲಿಯೇ ಸೊಪ್ಪು ಬರುತ್ತದೆ. ಇವತ್ತು ನಮ್ಮ ತೋಟ ಉಳಿದಿರುವುದು ಅದರಿಂದಲೇ. ನೋಡಲು ಬಂದವರೆಲ್ಲ ನಮ್ಮ ಯಜಮಾನರ ಜಾಣತನವನ್ನು ಹೊಗಳುತ್ತಾರೆ. ಆದರೆ ಗಿಡ ಮರವಾಗುವ ತನಕ ಸೊಪ್ಪಿಲ್ಲ, ಸೊಪ್ಪಿಲ್ಲದಿದ್ದರೆ ಹುಳುವಿಲ್ಲ. ಆ ಅವಧಿಯಲ್ಲಿ ಮನೆ ನಡೆಸಿದ್ದು ನಾನು ನೂಲು ಬಿಚ್ಚುವ ಘಟಕಕ್ಕೆ ಹೋಗಿ ತಂದ ಕೂಲಿ. ಬಿಸಿನೀರಿನ ತೊಟ್ಟಿಯಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಸಂಜೆಯ ಹೊತ್ತಿಗೆ ಬೆರಳ ತುದಿಗಳು ಬೆಳ್ಳಗೆ ನೆನೆದು ಬಿರಿದಿರುತ್ತಿದ್ದವು. ರಾತ್ರಿ ಸಾರಿಗೆ ಖಾರ ಕಲಸುವಾಗ ಉರಿ ತಡೆಯಲಾಗುತ್ತಿರಲಿಲ್ಲ. ದೊಡ್ಡ ಮಗಳ ಕಾಲೇಜು ಒಂದು ವರ್ಷ ನಿಂತಿತು. ಇದನ್ನೆಲ್ಲ ನಮ್ಮ ಮನೆಯಲ್ಲಿ ‘ಹೊಂದಿಕೊಂಡು ಹೋದೆವು’ ಎನ್ನುತ್ತಾರೆ. ‘ಹೋದೆವು’ ಎಂಬ ಬಹುವಚನದೊಳಗೆ ಯಾರ ಪಾಲು ಎಷ್ಟೆಂದು ಯಾರೂ ಬಿಡಿಸಿ ನೋಡಲಿಲ್ಲ.

ಆದ್ದರಿಂದ ನೀವು ಉಗ್ರಾಣದ ಕೆಲಸಕ್ಕೆ ಹೋದರೆ ಹಸುವಿನ ಹಾಲು ಕರೆಯುವವರು ಯಾರು, ಮಾವಿನ ತೋಪಿನ ಕಾವಲು ಯಾರದು, ನಿಮ್ಮ ತಂದೆಯವರಿಗೆ ಮಧ್ಯಾಹ್ನ ಊಟಕ್ಕೆ ಬಡಿಸಿ ಮಾತ್ರೆ ಕೊಡುವವರು ಯಾರು ಎಂಬುದನ್ನು ಅತ್ತಿಗೆಯ ಜೊತೆ ಕುಳಿತು ಮೊದಲೇ ಮಾತನಾಡಿಕೊಳ್ಳಿ. ಅವರು ‘ಹೋಗಿ’ ಎಂದರೆಂದು ಬರೆದಿದ್ದೀರಿ. ಆ ಒಂದು ಮಾತಿನ ಹಿಂದೆ ಅವರು ಹೊರಲು ಸಿದ್ಧರಾಗಿರುವ ಭಾರ ಎಷ್ಟಿದೆಯೆಂದು ಕೇಳಿದ್ದೀರಾ?

ನಿಮ್ಮ ತಂದೆಯವರ ವಿಷಯಕ್ಕೆ ಒಂದೇ ಮಾತು. ನಮ್ಮ ಹುಳುಗಳು ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿ ಏರುವ ಮೊದಲು ನಾಲ್ಕು ಸಲ ಜ್ವರಕ್ಕೆ ಕೂರುತ್ತವೆ. ತಲೆ ಎತ್ತಿ ಅಲುಗಾಡದೆ ನಿಲ್ಲುತ್ತವೆ, ಸೊಪ್ಪು ಮುಟ್ಟುವುದಿಲ್ಲ. ಆಗ ಸೊಪ್ಪು ಹಾಕಬಾರದು, ತಟ್ಟೆ ಅಲುಗಿಸಬಾರದು. ಹಳೆಯ ಚರ್ಮ ತಾನಾಗಿ ಕಳಚಿದ ಮೇಲೆಯೇ ಹುಳು ಮತ್ತೆ ಬಾಯಿ ಹಾಕುವುದು. ಅವರು ಬೆಳಿಗ್ಗೆ ಗುಂಡಿ ಒತ್ತಿ ಬರುವುದನ್ನು ನೀವು ತಡೆಯದೆ ಇರುವುದು ಸರಿಯಾಗಿದೆ. ಇನ್ನೂ ಕೆಲವು ದಿನ ಹಾಗೆಯೇ ಬಿಡಿ.

ಉತ್ತರ 3
ಬರೆದವರು: ಮಾರಿಕುಪ್ಪಂ ರೈಲು, ಕೆಜಿಎಫ್

ಕೈಸಾಲದ ಲೆಕ್ಕವನ್ನು ಮನೆಯಲ್ಲಿ ಹೇಳಿಲ್ಲ ಎಂಬ ನಿಮ್ಮ ಒಂದು ಸಾಲಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ತಂದೆಯವರು ಚಾಂಪಿಯನ್ ರೀಫ್ ಗಣಿಯಲ್ಲಿ ಆಸರೆ ಕಟ್ಟುವ ತಂಡದಲ್ಲಿದ್ದರು. ನೆಲದಿಂದ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋದ ಗಣಿ ಅದು. ಅಷ್ಟು ಆಳದಲ್ಲಿ ಬಂಡೆಯ ಮೇಲಿನ ಒತ್ತಡ ಎಷ್ಟೆಂದರೆ ಕೆಲವೊಮ್ಮೆ ಬಂಡೆಯೇ ಮದ್ದಿನಂತೆ ಸಿಡಿಯುತ್ತಿತ್ತು. ಕಲ್ಲಿನ ಆಸರೆಗಿಂತ ಮರದ ಆಸರೆಯ ಪಕ್ಕದಲ್ಲಿ ನಿಲ್ಲುವುದು ಮೇಲೆಂದು ಅವರು ಹೇಳುತ್ತಿದ್ದರು. ಮರ ಹೆಚ್ಚು ಗಟ್ಟಿ ಎಂಬ ಕಾರಣಕ್ಕಲ್ಲ. ಭಾರ ಮಿತಿಮೀರಿದಾಗ ಮರ ಮೊದಲು ಕುಗ್ಗುತ್ತದೆ, ಕಿರುಗುಟ್ಟುತ್ತದೆ, ನಾರು ಬಿಡುತ್ತದೆ, ಓಡಿ ಉಳಿಯುವುದಕ್ಕೆ ಅಷ್ಟು ಹೊತ್ತು ಕೊಡುತ್ತದೆ. ಕಲ್ಲು ಸುಮ್ಮನೆ ಹೊತ್ತು ನಿಂತಿದ್ದು, ಒಂದು ಕ್ಷಣದಲ್ಲಿ ಒಡೆಯುತ್ತದೆ. ನೀವು ಈಗ ಕಲ್ಲಿನಂತೆ ನಿಂತಿದ್ದೀರಿ. ದಯವಿಟ್ಟು ಇವತ್ತೇ ಸದ್ದು ಮಾಡಿ. ಪೂರ್ತಿ ಲೆಕ್ಕವನ್ನು ಒಂದು ಕಾಗದದಲ್ಲಿ ಬರೆದು ಹೆಂಡತಿಯ ಮುಂದೆಯೂ ತಂದೆಯ ಮುಂದೆಯೂ ಇಡಿ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಹತ್ತೊಂಬತ್ತನೇ ಶತಮಾನದ 1880ರ ದಶಕದಿಂದ ನಡೆದುಬಂದ ಕೆಲಸ, ಮೂರು ತಲೆಮಾರಿನ ಮನೆಗಳು. ಗಣಿ ಮತ್ತೆ ತೆರೆಯುತ್ತದೆಂದು ನನ್ನ ತಂದೆಯವರು ಆರು ವರ್ಷ ಕಾದರು. ಹೆಲ್ಮೆಟ್ಟನ್ನು ವಾರಕ್ಕೊಮ್ಮೆ ಒರೆಸಿ ಮೊಳೆಗೆ ತೂಗುಹಾಕುತ್ತಿದ್ದರು. ಆಗ ಹತ್ತೊಂಬತ್ತು ವರ್ಷದವನಾಗಿದ್ದ ನಾನು ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲು ಹತ್ತಿದೆ, ಈಗಲೂ ಹತ್ತುತ್ತಿದ್ದೇನೆ. ದಿನಕ್ಕೆ ನಾಲ್ಕು ಗಂಟೆಗೂ ಹೆಚ್ಚು ಹೊತ್ತು ರೈಲಿನಲ್ಲೇ ಕಳೆಯುತ್ತದೆ. ಅದರಿಂದ ಮನೆ ನಿಂತಿತು, ತಂಗಿಯರ ಮದುವೆಯಾಯಿತು; ಆದರೆ ನನ್ನ ಮಕ್ಕಳು ಎಳೆಯರಾಗಿದ್ದಾಗ ಅವರು ಎಚ್ಚರವಾಗಿದ್ದುದನ್ನು ನಾನು ಭಾನುವಾರ ಮಾತ್ರ ಕಂಡಿದ್ದೇನೆ. ಬಾಗಿದ್ದಕ್ಕೆ ಪಶ್ಚಾತ್ತಾಪವಿಲ್ಲ. ಇಷ್ಟು ಬೆಲೆ ಕೊಡಬೇಕಾಗುತ್ತದೆಂದು ಮೊದಲೇ ತಿಳಿದಿದ್ದರೆ ಚೆನ್ನಾಗಿತ್ತು, ಅಷ್ಟೆ.

ಉತ್ತರ 4
ಬರೆದವರು: ಪಾವಗಡದ ಅಧ್ಯಾಪಕ, ತುಮಕೂರು

ನಾನು ಮನೋವಿಜ್ಞಾನ ಪಾಠ ಮಾಡುವವನು. ‘ಬಾಗುವ ಮನಸ್ಸು’ ಎಂದರೆ ಸದಾ ನಗುನಗುತ್ತಾ ಎಲ್ಲವನ್ನೂ ಒಪ್ಪಿಕೊಳ್ಳುವ ಮನಸ್ಸೆಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಬಹಳ ಇದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಜಾರ್ಜ್ ಬೊನಾನೊ ಮತ್ತು ಅವರ ಸಂಗಡಿಗರು 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ನ್ಯೂಯಾರ್ಕಿನ ಕಾಲೇಜು ವಿದ್ಯಾರ್ಥಿಗಳನ್ನು ಗಮನಿಸಿ 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎರಡನೆಯ ವರ್ಷದ ಕೊನೆಗೆ ಕಡಿಮೆ ಸಂಕಟದಲ್ಲಿದ್ದವರು ದುಃಖವನ್ನು ಅದುಮಿಟ್ಟವರೂ ಅಲ್ಲ, ಎಲ್ಲವನ್ನೂ ಹೊರಹಾಕಿದವರೂ ಅಲ್ಲ. ಸಂದರ್ಭ ನೋಡಿ ತೋರಿಸಲೂ ತಡೆಯಲೂ ಎರಡನ್ನೂ ಬಲ್ಲವರು. ಸಂದರ್ಭವನ್ನು ಓದುವುದು, ಕೈಯಲ್ಲಿ ಒಂದಕ್ಕಿಂತ ಹೆಚ್ಚು ಉಪಾಯ ಇಟ್ಟುಕೊಳ್ಳುವುದು, ಹಿಡಿದ ಉಪಾಯ ಫಲಿಸದಿದ್ದರೆ ಅದನ್ನು ಬಿಡುವುದು, ಈ ಮೂರು ಸೇರಿದ್ದೇ ಬಾಗುವಿಕೆ ಎಂದು ಬೊನಾನೊ ಮುಂದೆ ವಿವರಿಸಿದ್ದಾರೆ. ಅಕ್ಕಡಿ ಸಾಲಿನ ಹಿರಿಯರು ರಾಗಿ ಬೀಜದ ಲೆಕ್ಕದಲ್ಲಿ ಹೇಳಿದ್ದೂ ಇದನ್ನೇ. ನಿಮ್ಮ ಮನೆಯಲ್ಲಿ ಮೂರನೆಯದು ಕಠಿಣವಾಗಿದೆ: ಮೂರು ಸಲ ಫಲಿಸದ ಉಪಾಯವನ್ನು ನಾಲ್ಕನೆಯ ಸಲ ಹಿಡಿಯಲು ಮನಸ್ಸು ಎಳೆಯುತ್ತಿದೆ, ಏಕೆಂದರೆ ಹಿಂದಿನ ಮೂರಕ್ಕೆ ಹಾಕಿದ ದುಡ್ಡು ವ್ಯರ್ಥವಾಯಿತೆಂದು ಒಪ್ಪಿಕೊಳ್ಳುವುದು ದೊಡ್ಡ ನೋವು.

ಹವಾಯಿಯ ಕೌಐ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ದಶಕಗಳ ಕಾಲ ಅನುಸರಿಸಿದ ಎಮ್ಮಿ ವರ್ನರ್ ಅವರ ಅಧ್ಯಯನವನ್ನೂ ನೆನೆಯಬೇಕು. ಬಡತನ, ಕುಟುಂಬದ ಕಲಹಗಳ ನಡುವೆ ಬೆಳೆದ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗ ಚೆನ್ನಾಗಿಯೇ ಬದುಕು ಕಟ್ಟಿಕೊಂಡರು. ಅವರಲ್ಲಿ ಮತ್ತೆ ಮತ್ತೆ ಕಂಡ ಸಂಗತಿ, ಕೈಬಿಡದೆ ಜೊತೆಗಿದ್ದ ಒಬ್ಬರಾದರೂ ಹಿರಿಯರು ಇದ್ದರೆಂಬುದು. ಬಾಗುವ ಶಕ್ತಿ ಒಬ್ಬನ ಎದೆಯೊಳಗೆ ಮಾತ್ರ ಇರುವುದಿಲ್ಲ, ಅವನ ಸುತ್ತಲೂ ಇರುತ್ತದೆ.

ಚಂದ್ರಿಕೆ ಅಕ್ಕನವರ ಮಾತಿಗೆ ನಮ್ಮ ಪಾವಗಡವೇ ಸಾಕ್ಷಿ. ವರ್ಷಾನುವರ್ಷ ಬರ ಕಂಡ ತಿರುಮಣಿ, ವಳ್ಳೂರು ಮೊದಲಾದ ಊರುಗಳಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ವಿದ್ಯುತ್ ಪಾರ್ಕ್ ಬಂತು. ರೈತರು ಜಮೀನು ಮಾರಲಿಲ್ಲ. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಗುತ್ತಿಗೆಗೆ ಕೊಟ್ಟರು, ಪಹಣಿ ಅವರ ಹೆಸರಿನಲ್ಲೇ ಉಳಿಯಿತು. ಬಾಗುವಾಗ ಯಾವುದನ್ನು ಬಿಡಬಾರದೆಂದು ತಿಳಿದು ಬಾಗಿದ ಉದಾಹರಣೆಯೆಂದು ನಾನು ಇದನ್ನು ಗೌರವಿಸುತ್ತೇನೆ. ಆದರೆ ಅದೇ ಹೊಲಗಳಲ್ಲಿ ಕಳೆ ಕೀಳಲು, ಶೇಂಗಾ ಬಿಡಿಸಲು ಹೋಗುತ್ತಿದ್ದ ಜಮೀನಿಲ್ಲದವರಿಗೆ ಗುತ್ತಿಗೆ ಕೊಡಲು ಏನೂ ಇರಲಿಲ್ಲ. ಅವರು ಊರು ಬಿಡಬೇಕಾಯಿತು. ಹಾಗೆ ಊರು ಬಿಟ್ಟವರಿಗೆ ‘ಬದಲಾವಣೆಗೆ ಹೊಂದಿಕೊಳ್ಳಿ’ ಎಂದು ಉಪದೇಶಿಸಲು ನನಗಂತೂ ಬಾಯಿ ಬರುವುದಿಲ್ಲ.

ರಾತ್ರಿ ನಿದ್ದೆ ಹತ್ತುತ್ತಿಲ್ಲವೆಂದಾದರೆ, ಬದುಕೇ ಬೇಡವೆನಿಸುವ ಯೋಚನೆ ಒಂದು ಸಲ ಹಾದುಹೋದರೂ, ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲಿರುಳೂ ಇರುತ್ತದೆ, ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು.

ಪ್ರಶ್ನೆ ಕೇಳಿದವರ ಮರುಬರಹ
ಬರೆದವರು: ಮಾವಿನತೋಪು, ಶ್ರೀನಿವಾಸಪುರ ತಾಲ್ಲೂಕು

ಉತ್ತರಿಸಿದ ಎಲ್ಲರಿಗೂ ನಾನು ಋಣಿ. ಬರೆಯಲು ಹದಿನೈದು ದಿನ ತಡವಾಯಿತು.

ಕೈಸಾಲದ ಲೆಕ್ಕವನ್ನು ಕಾಗದದಲ್ಲಿ ಬರೆದು ಮನೆಯವರ ಮುಂದಿಟ್ಟೆ. ನನ್ನ ಹೆಂಡತಿಗೆ ಅರ್ಧಕ್ಕಿಂತ ಹೆಚ್ಚು ಮೊದಲೇ ತಿಳಿದಿತ್ತು. ನಾನು ಹೇಳಲೆಂದು ಕಾಯುತ್ತಿದ್ದಳಂತೆ. ಅಂದು ಅವಳು ಒಂದು ಮಾತು ಹೇಳಿದಳು: ಕೆಲಸಕ್ಕೆ ಹೋಗಿ, ಆದರೆ ರಾತ್ರಿ ಪಾಳಿಗೆ ಒಪ್ಪಬೇಡಿ, ಬೆಳಗಿನ ಹಾಲು ನಿಮ್ಮದೇ. ಅದಕ್ಕೆ ಒಪ್ಪಿದ್ದೇನೆ. ಮುಂದಿನ ತಿಂಗಳಿಂದ ನರಸಾಪುರಕ್ಕೆ ಹೋಗುತ್ತೇನೆ. ನಾಲ್ಕನೆಯ ಬಾವಿ ಈ ವರ್ಷ ಬೇಡವೆಂದು ನಿರ್ಧರಿಸಿದೆವು. ತಂದೆಯವರು ಆ ಮಾತಿಗೆ ಎದ್ದು ಹೋದರು, ಎರಡು ದಿನ ನನ್ನ ಜೊತೆ ಮಾತನಾಡಲಿಲ್ಲ. ಮೂರನೆಯ ದಿನ ಅಟ್ಟದ ಮೇಲಿಂದ ಏನನ್ನೋ ಇಳಿಸುವ ಸದ್ದಾಯಿತು. ಹೋಗಿ ನೋಡಿದರೆ ತಾತನ ಕಾಲದ ಕೂರಿಗೆಯನ್ನು ಅಂಗಳದಲ್ಲಿಟ್ಟುಕೊಂಡು ಅದರ ಹಲ್ಲುಗಳನ್ನು ಒಂದೊಂದಾಗಿ ಬಡಿದು ನೋಡುತ್ತಿದ್ದರು. ಎರಡು ಹಲ್ಲಿಗೆ ಗೆದ್ದಲು ಹಿಡಿದಿದೆ. ಬೆಳಿಗ್ಗೆ ಗುಂಡಿ ಒತ್ತಿ ಬರುವುದನ್ನು ಮಾತ್ರ ಅವರು ಬಿಟ್ಟಿಲ್ಲ, ನಾನೂ ಕೇಳುವುದಿಲ್ಲ.

ಮಳೆ ಬಂದರೆ ಎರಡು ಎಕರೆಗೆ ರಾಗಿ ಬಿತ್ತಬೇಕೆಂದಿದ್ದೇವೆ. ಅಕ್ಕಡಿಸಾಲು ಅಣ್ಣನವರಲ್ಲಿ ಒಂದು ವಿನಂತಿ: ನಮ್ಮ ಕೂರಿಗೆಗೆ ಸಡ್ಡೆ ಇಲ್ಲ, ಊರಿನಲ್ಲಿ ಮಾಡುವ ಬಡಗಿಯೂ ಈಗ ಉಳಿದಿಲ್ಲ. ಹಳೆಯ ಸೊಗಡಿನ ಅವರೆ ಬೀಜವೂ ಬೇಕಾಗಿದೆ.

ಉತ್ತರ 5
ಬರೆದವರು: ಅಕ್ಕಡಿಸಾಲು, ಮುಳಬಾಗಿಲು ತಾಲ್ಲೂಕು

ಸಡ್ಡೆ ನಮ್ಮ ಕೊಟ್ಟಿಗೆಯಲ್ಲಿ ಒಂದು ಸುಮ್ಮನೆ ಬಿದ್ದಿದೆ, ಬಿದಿರು ಸೀಳಿಲ್ಲ. ಎರಡು ಎಕರೆಯ ಅಕ್ಕಡಿಗೆ ಸಾಕಾಗುವಷ್ಟು ಅವರೆ ಬೀಜ ಬೂದಿ ಬೆರೆಸಿ ಮಡಕೆಯಲ್ಲಿಟ್ಟದ್ದಿದೆ. ಕೂರಿಗೆಯ ಹಲ್ಲಿಗೆ ಜಾಲಿ ಮರವೇ ಆಗಬೇಕು, ನೀಲಗಿರಿಯದು ಹಾಕಿಸಬೇಡಿ, ಒಂದೇ ವರ್ಷಕ್ಕೆ ಸೀಳುತ್ತದೆ. ಭಾನುವಾರ ಬನ್ನಿ, ನಿಮ್ಮ ತಂದೆಯವರನ್ನೂ ಕರೆದುಕೊಂಡು ಬನ್ನಿ. ಚಂದ್ರಿಕೆ ತಾಯಿ ಬರೆದದ್ದನ್ನು ನನ್ನ ಮನೆಯಾಕೆಗೆ ಓದಿ ಹೇಳಿದೆ. ಬಹಳ ಹೊತ್ತು ಏನೂ ಮಾತನಾಡಲಿಲ್ಲ. ಆಮೇಲೆ, ನಾನು ಟೊಮೆಟೊ ಹಿಂದೆ ಬಿದ್ದಿದ್ದ ಆ ಎಂಟು ವರ್ಷಗಳಲ್ಲಿ ಅಡವಿಟ್ಟ ತನ್ನ ಬಳೆಗಳು ಯಾವ ಯಾವ ವರ್ಷ ಹೋದವೆಂದು ಒಂದೊಂದಾಗಿ ಹೇಳಿದಳು.